2002ರ ಮಾಫಿಯಾ ವಿಡಿಯೊ ಗೇಮ್ ಆಡಿದವರು ಹೊಸ ರೀಮೇಕ್ ಬಗ್ಗೆ ಏನಂತೀರಿ? (ಕೊನೆಯವರೆಗಿನ ಕಥೆ ಇದೆ, ಆಡದವರು ನೋಡಿಕೊಂಡು ಓದಿ)

ಉಣಕಲ್ ಕೆರೆ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಹೋದ ವಾರ ಆ ಗೇಮನ್ನು ಹೊಸದಾಗಿ ಕಟ್ಟಿದ ರೀಮೇಕ್ ‘ಮಾಫಿಯಾ: ಡೆಫಿನಿಟಿವ್ ಎಡಿಷನ್’ ಎರಡನೇ ಸಲ ಆಡಿ ಮುಗಿಸಿದೆ. 2020ರ ಸೆಪ್ಟೆಂಬರ್‌ನಲ್ಲಿ ಬಂದಾಗಲೇ ಒಮ್ಮೆ ಆಡಿದ್ದೆ. ಆಗ ಮೂರೇ ರಾತ್ರಿಯಲ್ಲಿ ಗಡಿಬಿಡಿಯಿಂದ ಮುಗಿಸಿದ್ದೆ. ಏನೋ ಸರಿ ಇಲ್ಲ ಅನಿಸಿತ್ತು. ಆ ‘ಏನೋ’ ಯಾವುದು ಅಂತ ಈ ಸಲ ಹುಡುಕುತ್ತಲೇ ಆಡಿದೆ. ಸಿಕ್ಕಿದೆ ಅಂದುಕೊಂಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ ನಿಮಗೆ ಅನಿಸಿದ್ದು ಹೇಳಿ.

ಹೊಸಬರಿಗೆ ಎರಡು ಮಾತು. ಮೂಲ ಗೇಮ್ 2002ರದು. ಚೆಕ್ ದೇಶದ ಇಲ್ಯೂಷನ್ ಸಾಫ್ಟ್‌ವರ್ಕ್ಸ್ ತಂಡ ಮಾಡಿದ್ದು, ನಿರ್ದೇಶಕ ಡೇನಿಯಲ್ ವಾವ್ರಾ. ಅಮೆರಿಕದಲ್ಲಿ ಲಾಸ್ಟ್ ಹೆವನ್ ಅನ್ನುವ ಕಲ್ಪನೆಯ ಊರು, 1930ರ ದಶಕ. ಟಾಮಿ ಏಂಜೆಲೊ ಅಲ್ಲಿ ಟ್ಯಾಕ್ಸಿ ಡ್ರೈವರ್. ಒಂದು ರಾತ್ರಿ ಪಾಲಿ ಮತ್ತು ಸ್ಯಾಮ್ ಅನ್ನುವ ಇಬ್ಬರು ಗನ್ ಹಿಡಿದು ಅವನ ಟ್ಯಾಕ್ಸಿ ಹತ್ತುತ್ತಾರೆ. ಹಿಂದೆ ಮೊರೆಲ್ಲೊ ಗ್ಯಾಂಗಿನವರು ಬೆನ್ನಟ್ಟಿದ್ದಾರೆ. ಟಾಮಿ ಅವರನ್ನು ಪಾರು ಮಾಡುತ್ತಾನೆ. ಅಲ್ಲಿಂದ ಅವನ ಬದುಕು ಆ ಇಬ್ಬರ ಗ್ಯಾಂಗಿನ ಯಜಮಾನ ಡಾನ್ ಸಾಲಿಯೆರಿಯ ಬಾರ್‌ಗೆ ಬಂದು ಬೀಳುತ್ತದೆ.

ನಮ್ಮ ಅಪ್ಪ ಹುಬ್ಬಳ್ಳಿ ಸ್ಟೇಷನ್ ಮುಂದೆ ಟ್ಯಾಕ್ಸಿ ಓಡಿಸುತ್ತಿದ್ದರು. ಅಂಬಾಸಿಡರ್ ಕಾರು. ನಾನು ಹತ್ತನೇ ಕ್ಲಾಸ್ ಮುಗಿಸಿದ ಬೇಸಿಗೆಯಲ್ಲಿ ಮನೆಗೆ ಹಳೇ ಕಂಪ್ಯೂಟರ್ ಒಂದು ಬಂತು. ಗೆಳೆಯನೊಬ್ಬ ಈ ಗೇಮ್ ಕೊಟ್ಟ. ಅಪ್ಪ ರಾತ್ರಿ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ನನ್ನ ಹಿಂದೆ ಮಂಚದ ಮೇಲೆ ಕೂರುತ್ತಿದ್ದರು. ಎರಡನೇ ಮಿಷನ್‌ನಲ್ಲಿ ಟಾಮಿ ಮತ್ತೆ ಟ್ಯಾಕ್ಸಿ ಓಡಿಸಬೇಕು. ಒಬ್ಬೊಬ್ಬರನ್ನೇ ಹತ್ತಿಸಿಕೊಂಡು ಹೇಳಿದ ಜಾಗಕ್ಕೆ ಬಿಡಬೇಕು. ನಾನು ಕೆಂಪು ಸಿಗ್ನಲ್ ಲೆಕ್ಕಿಸದೆ ನುಗ್ಗಿಸಿದೆ. ಹಿಂದಿನಿಂದ ಅಪ್ಪ, “ಸಿಗ್ನಲ್ ಕೆಂಪೈತಿ, ನಿಲ್ಲಸಪಾ. ಹಿಂದ ಮಂದಿ ಕುಂತಾರ” ಅಂದರು. ಅಷ್ಟರಲ್ಲಿ ಪೊಲೀಸ್ ಸೀಟಿ. ದಂಡ.

ಹಳೇ ಮಾಫಿಯಾ ಅಂದರೆ ನನಗೆ ಇದೇ. ಅದರಲ್ಲಿ ಕಾರುಗಳು ನಿಧಾನ. ಶುರುವಿನಲ್ಲಿ ಸಿಗುವ ಬೋಲ್ಟ್ ಏಸ್ ಏರಿನಲ್ಲಿ ಉಸಿರು ಬಿಡುತ್ತಾ ಹತ್ತುತ್ತದೆ. ಜೋರಾಗಿ ಹೋದರೆ ದಂಡ, ಸಿಗ್ನಲ್ ಮುರಿದರೆ ದಂಡ. ಟ್ಯಾಂಕಿನಲ್ಲಿ ಪೆಟ್ರೋಲ್ ಕೂಡ ಖಾಲಿಯಾಗುತ್ತದೆ. ಕಾರು ಕದಿಯಬೇಕೆಂದರೆ ಮೆಕ್ಯಾನಿಕ್ ರಾಲ್ಫ್ ಆ ಮಾಡೆಲ್‌ನ ಬೀಗ ತೆಗೆಯುವುದನ್ನು ಕಲಿಸಿಕೊಡಬೇಕು. ಕೆಲಸ ಮುಗಿದ ಮೇಲೂ ಮುಗಿಯುವುದಿಲ್ಲ. ವಾಪಸ್ ಬಾರ್ ತನಕ ನೀವೇ ಓಡಿಸಿಕೊಂಡು ಬರಬೇಕು. ಯಾರನ್ನೋ ಕೊಂದು ಬಂದಿರುತ್ತೀರಿ. ಪಕ್ಕದಲ್ಲಿ ಪಾಲಿ ಇರಲಿ ಇಲ್ಲದಿರಲಿ, ಐದು ನಿಮಿಷ ಸುಮ್ನೆ ಸ್ಟೇರಿಂಗ್ ಹಿಡಿದು ಊರು ದಾಟಬೇಕು. ಆ ಐದು ನಿಮಿಷದಲ್ಲಿ ಮಾಡಿದ್ದು ತಲೆಗೆ ಏರುತ್ತಿತ್ತು. ಯಾವ ಕಟ್‌ಸೀನ್ (ನಾವು ಆಡದೆ ಸಿನಿಮಾದಂತೆ ನೋಡುವ ದೃಶ್ಯ) ಕೂಡ ಅದನ್ನು ಹೇಳುತ್ತಿರಲಿಲ್ಲ, ರಸ್ತೆ ಹೇಳುತ್ತಿತ್ತು.

ರೀಮೇಕ್‌ನಲ್ಲಿ ಬಹಳ ಕಡೆ ಆ ವಾಪಸ್ ದಾರಿಯೇ ಇಲ್ಲ. ಗುಂಡಿನ ಸದ್ದು ನಿಂತ ಕೂಡಲೇ ಕಟ್‌ಸೀನ್, ಮುಂದಿನ ಅಧ್ಯಾಯ. ಇರುವ ಪ್ರಯಾಣಗಳಲ್ಲೂ ಕೆಲವನ್ನು ಬಟನ್ ಒತ್ತಿ ದಾಟಿಸಬಹುದು. ತಿರುವು ಬಂದರೆ ರಸ್ತೆ ಮೇಲೆಯೇ ತೇಲುವ ಬೋರ್ಡು, ‘ಇಲ್ಲಿ ಎಡಕ್ಕೆ’ ಅಂತ. ಟಾಮಿ ಡ್ರೈವರ್ ಅನ್ನುವುದು ಕಥೆಯಲ್ಲಿ ಉಳಿದಿದೆ, ನನ್ನ ಕೈಯಲ್ಲಿ ಉಳಿದಿಲ್ಲ. ನನಗೆ ಸಿಕ್ಕ ‘ಏನೋ’ ಇದೇ.

ಹಾಗಂತ ರೀಮೇಕ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ರಾತ್ರಿ ಒದ್ದೆ ರಸ್ತೆ ಮೇಲೆ ಅಂಗಡಿ ದೀಪಗಳ ಬೆಳಕು ಬೀಳುವುದನ್ನು ನೋಡುತ್ತಾ ಕಾರು ನಿಲ್ಲಿಸಿಕೊಂಡು ಕೂತಿದ್ದೇನೆ. ಕೋಟಿನ ಬಟ್ಟೆ, ಕಾರಿನ ಒಳಗಿನ ಚರ್ಮದ ಸೀಟು, ಎಲ್ಲವನ್ನೂ ಪ್ರೀತಿಯಿಂದ ಮಾಡಿದ್ದಾರೆ. ಆದರೂ ಒಂದು ಹಳೇ ಗೇಮನ್ನು ಮತ್ತೆ ಮಾಡುವಾಗ ಅದರ ಬೇಸರದ ಭಾಗ ಯಾವುದು, ಜೀವ ಯಾವುದು ಅಂತ ಬೇರೆ ಮಾಡುವುದು ಕಷ್ಟದ ಕೆಲಸ. ಇಲ್ಲಿ ಬೇಸರ ಅಂತ ತೆಗೆದದ್ದರಲ್ಲಿ ಸ್ವಲ್ಪ ಜೀವವೂ ಹೋಗಿದೆ ಅನ್ನುವುದು ನನ್ನ ಅನಿಸಿಕೆ.

---

ಬೆಟಗೇರಿ ಮಗ್ಗ, ಗದಗ

ಚೆಂದ ಬರೆದಿದ್ದೀರಿ ಅಣ್ಣಾ. ಆದರೆ ನಾನು ಒಪ್ಪುವುದಿಲ್ಲ.

ನಾನು ರೀಮೇಕ್ ಮೊದಲು ಆಡಿದವಳು. ಆಮೇಲೆ ಆಸೆಯಿಂದ ಹಳೆಯದನ್ನು ಹಾಕಿಕೊಂಡೆ. ನನಗೆ ರಾತ್ರಿ ಮಗು ಮಲಗಿದ ಮೇಲೆ ಒಂದು ಗಂಟೆ ಸಿಗುತ್ತದೆ, ಅಷ್ಟೇ. ಆ ಒಂದು ಗಂಟೆಯಲ್ಲಿ ಇಪ್ಪತ್ತು ನಿಮಿಷ ಊರಿನ ಈ ತುದಿಯಿಂದ ಆ ತುದಿಗೆ ಓಡಿಸಿ, ಅಲ್ಲಿ ಸತ್ತು, ಮತ್ತೆ ಚೆಕ್‌ಪಾಯಿಂಟ್‌ನಿಂದ (ಆಟ ಕೊನೆಯ ಸಲ ಸೇವ್ ಆದ ಜಾಗದಿಂದ) ಶುರು ಮಾಡಿದರೆ ಕಥೆ ಎಲ್ಲಿ ಉಳಿಯಿತು? ನಿಮಗೆ ಹತ್ತನೇ ಕ್ಲಾಸಿನ ರಜೆ ಇತ್ತು. ಆ ದಾರಿಗೆ ತೂಕ ಕೊಟ್ಟದ್ದು ಗೇಮ್ ಒಂದೇ ಅಲ್ಲ, ಆ ಬೇಸಿಗೆ ಮತ್ತು ಹಿಂದೆ ಕೂತಿದ್ದ ನಿಮ್ಮಪ್ಪ ಕೂಡ.

ಇನ್ನು ಟಾಮಿ ಮದುವೆಯಾಗುವ ಸಾರಾ. ಹಳೆಯದರಲ್ಲಿ ಟಾಮಿ ಅವಳನ್ನು ಮನೆಗೆ ಬಿಡುತ್ತಾನೆ, ದಾರಿಯಲ್ಲಿ ಪುಂಡರ ಜೊತೆ ಹೊಡೆದಾಟ, ಆಮೇಲೆ ಅವಳು ಹೆಚ್ಚು ಕಡಿಮೆ ಕಾಣುವುದೇ ಇಲ್ಲ. ಮದುವೆ ಆಯಿತು, ಮಗು ಆಯಿತು ಅಂತ ಟಾಮಿ ಬಾಯಿಂದ ಕೇಳಬೇಕು. ಆ ಮನುಷ್ಯ ಎಲ್ಲವನ್ನೂ ಪೊಲೀಸರಿಗೆ ಒಪ್ಪಿಸಲು ತಯಾರಾಗುವುದು ಯಾರಿಗಾಗಿ? ಹೆಂಡತಿ ಮಗುವಿಗಾಗಿ. ಅವರೇ ಕಣ್ಣ ಮುಂದೆ ಇಲ್ಲದಿದ್ದರೆ ಡಿಟೆಕ್ಟಿವ್ ನಾರ್ಮನ್ ಎದುರು ಅವನು ಹೇಳುವ ಮಾತಿಗೆ ಏನು ಬೆಲೆ? ರೀಮೇಕ್‌ನಲ್ಲಿ ಸಾರಾ ಮಾತಾಡುತ್ತಾಳೆ, ಬೈಯುತ್ತಾಳೆ, ಹೆದರುತ್ತಾಳೆ. ಟಾಮಿಯಾಗಿ ನಟಿಸಿದ ಆಂಡ್ರ್ಯೂ ಬಾಂಜಿಯೋರ್ನೊ ಅವರ ಕಣ್ಣುಗಳು ಅವಳ ಎದುರು ಬೇರೆ, ಡಾನ್ ಎದುರು ಬೇರೆ. ಹಳೇ ಗೇಮ್‌ನ ಮುಖಗಳಲ್ಲಿ ಇದನ್ನು ತೋರಿಸಲು ಆಗುತ್ತಿರಲಿಲ್ಲ.

ನಮ್ಮದು ನೇಯುವ ಮನೆ, ಅದಕ್ಕೆ ಹೀಗೆ ಹೇಳುತ್ತೇನೆ. ಅಜ್ಜಿಯ ಸೀರೆ ಹರಿದಾಗ ಅಮ್ಮ ಅದರ ಅಂಚು ಬಿಚ್ಚಿ ಹೊಸ ಸೀರೆಗೆ ಹಚ್ಚಿದ್ದರು. ರೀಮಾಸ್ಟರ್ ಅಂದರೆ ಅದಕ್ಕಿಂತಲೂ ಕಡಿಮೆ, ಅದೇ ಸೀರೆ ತೊಳೆದು ಗಂಜಿ ಹಾಕಿ ಇಸ್ತ್ರಿ ಮಾಡಿದ ಹಾಗೆ. ರೀಮೇಕ್ ಹಾಗಲ್ಲ. ಹಾಸು ಹೊಸದು, ಹೊಕ್ಕು ಹೊಸದು, ಉಳಿದದ್ದು ಚಿತ್ತಾರ ಮಾತ್ರ. ಮಾಫಿಯಾ 3 ಮಾಡಿದ ಹ್ಯಾಂಗರ್ 13 ತಂಡ ಇದನ್ನು ಬುಡದಿಂದ ಕಟ್ಟಿದೆ. ಮಾತು ಹೊಸದಾಗಿ ಬರೆದಿದ್ದಾರೆ, ಸಂಗೀತ ಹೊಸದು, ಊರು ಹೊಸದು. ಹೊಸ ಮಗ್ಗದ ಸೀರೆಯನ್ನು ಅಜ್ಜಿಯ ಸೀರೆಯ ಹಾಗೇ ಮೆತ್ತಗೆ ಇಲ್ಲ ಅಂದರೆ ಹೇಗೆ?

---

ಬ್ಯಾಡಗಿ ಖಾರ, ಹಾವೇರಿ ಜಿಲ್ಲೆ

ರೇಸ್ ಬಗ್ಗೆ ಯಾರೂ ಬರೆಯಲಿಲ್ಲವಲ್ಲ! ನಾನು ಬರೆಯುತ್ತೇನೆ.

‘ಫೇರ್ ಪ್ಲೇ’ ಮಿಷನ್. ಸಾಲಿಯೆರಿಯ ಡ್ರೈವರ್‌ಗೆ ಪೆಟ್ಟಾಗಿ, ಟಾಮಿಯೇ ರೇಸ್‌ಗೆ ಇಳಿಯಬೇಕಾಗುತ್ತದೆ. ನಾನು ಆಡಿದ್ದು ಹಾವೇರಿಯ ಒಂದು ಸೈಬರ್ ಕೆಫೆಯಲ್ಲಿ, ಗಂಟೆಗೆ ದುಡ್ಡು ಕೊಟ್ಟು. ರೇಸ್ ಕಾರು ಸ್ವಲ್ಪ ಜಾಸ್ತಿ ತಿರುಗಿಸಿದರೆ ಸಾಕು, ಹಿಂಭಾಗ ಜಾರಿ ಗಿರಗಿರ ತಿರುಗುತ್ತಿತ್ತು. ಕೀಬೋರ್ಡ್‌ನಲ್ಲಿ ಅರ್ಧ ತಿರುವು ಅಂತ ಇಲ್ಲವಲ್ಲ, ಒತ್ತಿದರೆ ಪೂರ್ತಿ ತಿರುಗಿತು. ಬಾಣದ ಕೀಲಿಯನ್ನು ಬೆರಳ ತುದಿಯಿಂದ ಟಕ್ ಟಕ್ ಅಂತ ಬಿಟ್ಟು ಬಿಟ್ಟು ಮುಟ್ಟುವುದನ್ನು ಕಲಿತೆ. ಮೂರು ವಾರ ಹಿಡಿಯಿತು. ಗೆದ್ದ ದಿನ ಕೆಫೆಯಲ್ಲಿ ಪಕ್ಕದ ಸೀಟಿನವರೆಲ್ಲ ಎದ್ದು ನಿಂತಿದ್ದರು. ಆ ಖುಷಿಯನ್ನು ಇವತ್ತಿಗೂ ಮರೆತಿಲ್ಲ. ಮುಂದೆ ರೇಸ್‌ನ ಕಷ್ಟ ಕಡಿಮೆ ಮಾಡಿಕೊಳ್ಳಲು ಅವಕಾಶ ಕೊಡುವ ಪ್ಯಾಚ್ (ಗೇಮ್ ತಿದ್ದುವ ಅಪ್‌ಡೇಟ್) ಬಂತು. ನಮಗೆ ಅದು ಸಿಗುವ ಹೊತ್ತಿಗೆ ಗೆದ್ದಾಗಿತ್ತು.

ರೀಮೇಕ್‌ನಲ್ಲಿ ಸಾಮಾನ್ಯ ಮಟ್ಟದಲ್ಲಿ ಎರಡನೇ ಪ್ರಯತ್ನಕ್ಕೇ ಗೆದ್ದೆ. ಬೇಸರವಾಯಿತು. ಆಮೇಲೆ ‘ಕ್ಲಾಸಿಕ್’ ಮಟ್ಟಕ್ಕೆ ಹಾಕಿದೆ. ಅಬ್ಬಾ! ಒಂದು ತಿರುವಿನಲ್ಲಿ ಬ್ರೇಕ್ ತಡವಾದರೆ ಮುಗಿಯಿತು. ಉಣಕಲ್ ಅಣ್ಣಾ, ನೀವು ಯಾವ ಮಟ್ಟದಲ್ಲಿ ಆಡಿದಿರಿ? ಕ್ಲಾಸಿಕ್ ಅಲ್ಲದಿದ್ದರೆ ಮತ್ತೊಮ್ಮೆ ಆಡಿ. ಅದರಲ್ಲಿ ಗನ್ ಅರ್ಧ ಖಾಲಿಯಾದಾಗ ರೀಲೋಡ್ ಮಾಡಿದರೆ ಉಳಿದ ಗುಂಡುಗಳು ಹೋಗುತ್ತವೆ, ಹಳೇ ಗೇಮ್‌ನಲ್ಲಿ ಇದ್ದ ಹಾಗೇ. ಸೆಟ್ಟಿಂಗ್ಸ್‌ನಲ್ಲಿ ಡ್ರೈವಿಂಗ್ ಅನ್ನು ‘ಸಿಮ್ಯುಲೇಷನ್’ ಮಾಡಿ. ಗೇರ್ ಮ್ಯಾನುಯಲ್ ಮಾಡಿ. ಪರದೆಯ ಮೂಲೆಯ ಮಿನಿ ಮ್ಯಾಪ್ ತೆಗೆದುಬಿಡಿ. ನೀವು ಹೇಳುವ ಜೀವ ಅರ್ಧಕ್ಕರ್ಧ ವಾಪಸ್ ಬರುತ್ತದೆ. ಅದನ್ನು ಅವರು ಬಿಸಾಡಿಲ್ಲ, ಒಳಗೆ ಇಟ್ಟಿದ್ದಾರೆ.

ನನ್ನ ತಕರಾರು ಗುಂಡಿನ ಕಾಳಗದ ಮೇಲೆ. ಗೋಡೆ ಹಿಂದೆ ಅಂಟಿಕೊಳ್ಳುವುದು, ತಲೆ ಎತ್ತಿ ಹೊಡೆಯುವುದು, ಮತ್ತೆ ಅಂಟಿಕೊಳ್ಳುವುದು. ಹಳೆಯದರಲ್ಲಿ ಹೀಗೆ ಅಂಟುವ ಬಟನ್ ಇರಲಿಲ್ಲ. ಟೇಬಲ್ ಹಿಂದೆ ಕುಕ್ಕರುಗಾಲಲ್ಲಿ ಕೂತು, ಕಾಲ ಸಪ್ಪಳ ಕೇಳಿಸಿಕೊಂಡು, ಯಾವ ಕಡೆಯಿಂದ ಬರುತ್ತಾನೆ ಅಂತ ಲೆಕ್ಕ ಹಾಕಬೇಕಿತ್ತು. ಮಳೆಯಲ್ಲಿ ಹಳ್ಳಿಯ ಫಾರ್ಮ್‌ಗೆ ವಿಸ್ಕಿ ತರಲು ಹೋಗುವ ಮಿಷನ್ ನೆನಪಿದೆಯಾ? ಕೊಟ್ಟಿಗೆಯ ಬಾಗಿಲು ತೆಗೆಯಲು ನನಗೆ ಕೈ ನಡುಗಿತ್ತು. ಹೊಸದರಲ್ಲಿ ಮಳೆ ಅದ್ಭುತ, ಕತ್ತಲು ಅದ್ಭುತ, ಹೆದರಿಕೆ ಮಾತ್ರ ಕಡಿಮೆ. ತಗ್ಗು ಗೋಡೆಗಳ ಸಾಲು ಕಂಡ ಕೂಡಲೇ ಇಲ್ಲಿ ಹೊಡೆದಾಟ ಇದೆ ಅಂತ ಗೊತ್ತಾಗಿಬಿಡುತ್ತದೆ.

---

ಹೊಸೂರು ಕ್ರಾಸ್, ಹುಬ್ಬಳ್ಳಿ

ನನಗೆ ಗೊಂದಲ ಆದದ್ದು ಊರಿನಲ್ಲಿ. ಹಳೇ ಲಾಸ್ಟ್ ಹೆವನ್ ನನಗೆ ನಮ್ಮ ಹುಬ್ಬಳ್ಳಿಯ ದುರ್ಗದಬೈಲಿನಷ್ಟೇ ಗೊತ್ತಿತ್ತು. ಬಾರ್‌ನಿಂದ ಹೊರಟು ಕಣ್ಣು ಮುಚ್ಚಿ ಸೇತುವೆಗೆ ಹೋಗುತ್ತಿದ್ದೆ. ರೀಮೇಕ್‌ನಲ್ಲಿ ಬಡಾವಣೆಗಳು ಹೆಚ್ಚು ಕಡಿಮೆ ಅದೇ ದಿಕ್ಕಿನಲ್ಲಿವೆ, ಒಳಗಿನ ರಸ್ತೆಗಳು ಬೇರೆ. ಹೆಸರೂ ಕೆಲವು ಬದಲಾಗಿವೆ, ಹೋಬೋಕನ್ ಈಗ ಹೋಲ್‌ಬ್ರೂಕ್.

ನಾನು ಕೆಲಸಕ್ಕೆ ಅಂತ ನಾಲ್ಕೈದು ವರ್ಷ ಹೊರಗಿದ್ದು ಬಂದವನು. ಬಂದಾಗ ಹುಬ್ಬಳ್ಳಿ ಧಾರವಾಡ ರಸ್ತೆಯ ನಡುವೆ ಬಸ್‌ಗಳಿಗೇ ಮೀಸಲಾದ ಬಿಆರ್‌ಟಿಎಸ್ ದಾರಿ ಬಂದಿತ್ತು, ಅದರ ಮೇಲೆ ಚಿಗರಿ ಬಸ್ ಓಡುತ್ತಿತ್ತು. ದಾರಿ ಪಕ್ಕದ ಮರಗಳು ಇರಲಿಲ್ಲ. ಎಲ್ಲಿ ಇಳಿಯಬೇಕು ಅಂತ ಮರ ನೋಡಿ ಗುರುತು ಹಿಡಿಯುತ್ತಿದ್ದವನು ನಾನು. ಎರಡು ದಿನ ಒಂದೊಂದು ಸ್ಟಾಪ್ ಮುಂದೆ ಹೋಗಿ ಇಳಿದೆ. ರೀಮೇಕ್‌ನ ಮೊದಲ ಎರಡು ತಾಸು ನನಗೆ ಹಾಗೇ ಆಯಿತು. ಈಗ ಚಿಗರಿ ಇಲ್ಲದೆ ನನಗೆ ನಡೆಯುವುದಿಲ್ಲ, ಅದು ಬೇರೆ ಮಾತು. ಹೊಸ ಲಾಸ್ಟ್ ಹೆವನ್ ಕೂಡ ಈಗ ಬಾಯಿಪಾಠ ಆಗಿದೆ.

ಒಂದು ಮಾತ್ರ ಹೇಳಲೇಬೇಕು. ಹಳೆಯದರಲ್ಲಿ ಟ್ರಾಮ್ ಹತ್ತಿ ಕೂರಬಹುದಿತ್ತು. ಮೇಲ್ಸೇತುವೆಯ ರೈಲು ಹತ್ತಬಹುದಿತ್ತು. ಯಾವ ಮಿಷನ್‌ಗೂ ಅದರ ಅಗತ್ಯ ಇರಲಿಲ್ಲ. ಆದರೂ ಇಟ್ಟಿದ್ದರು. 2002ರ ಕಂಪ್ಯೂಟರ್‌ಗಳ ಶಕ್ತಿ ಎಷ್ಟು ಅಂತ ನೆನೆಸಿಕೊಂಡರೆ ಆ ಚೆಕ್ ಹುಡುಗರಿಗೆ ಕೈ ಮುಗಿಯಬೇಕು ಅನಿಸುತ್ತದೆ.

---

ಲೈನ್ ಬಜಾರ್, ಧಾರವಾಡ

ಸಂಗೀತದ ಬಗ್ಗೆ ನಾನು ಹೇಳುತ್ತೇನೆ, ಉಳಿದದ್ದು ನೀವೆಲ್ಲ ಹೇಳಿದ್ದೀರಿ.

ಮೂಲ ಗೇಮ್‌ನ ಸಂಗೀತ ವ್ಲಾದಿಮೀರ್ ಶಿಮೂನೆಕ್ ಅವರದು. ಶುರುವಿನಲ್ಲಿ ಕ್ಯಾಮೆರಾ ಊರಿನ ಮೇಲೆ ಹಾರುತ್ತಾ ಹೋಗುವಾಗ ಆ ಆರ್ಕೆಸ್ಟ್ರಾ ಏರುತ್ತದಲ್ಲ, ಅದನ್ನು ಕೇಳಲಿಕ್ಕಾಗಿಯೇ ಎಷ್ಟೋ ಸಲ ಗೇಮ್ ಹಾಕಿ ಬಂದ್ ಮಾಡಿದ್ದೇನೆ. ಅದರ ಜೊತೆ ಆ ಕಾಲದ ನಿಜವಾದ ಜಾಝ್ ಹಾಡುಗಳು. ಜ್ಯಾಂಗೊ ರೈನ್‌ಹಾರ್ಟ್ ಗಿಟಾರ್, ಮಿಲ್ಸ್ ಬ್ರದರ್ಸ್ ಹಾಡು. ಕಾರಿನಲ್ಲಿ ರೇಡಿಯೊ ಇರಲಿಲ್ಲ. ಯಾವ ಬಡಾವಣೆಗೆ ಹೋದಿರೋ ಆ ಬಡಾವಣೆಯ ಸಂಗೀತ ಶುರುವಾಗುತ್ತಿತ್ತು. ಬೀದಿ ಬದಲಾದದ್ದು ಕಿವಿಗೆ ಮೊದಲು ಗೊತ್ತಾಗುತ್ತಿತ್ತು. ಧಾರವಾಡದಲ್ಲಿ ಸಂಜೆ ನಡೆದು ಹೋಗುವಾಗ ಒಂದು ಓಣಿಯಲ್ಲಿ ತಂಬೂರಿ, ಇನ್ನೊಂದರಲ್ಲಿ ಭಜನೆ ಕೇಳುವುದಿಲ್ಲವೇ, ಹಾಗೆ.

ರೀಮೇಕ್‌ಗೆ ಜೆಸ್ಸಿ ಹಾರ್ಲಿನ್ ಹೊಸ ಸಂಗೀತ ಮಾಡಿದ್ದಾರೆ. ಕಾರಿಗೆ ರೇಡಿಯೊ ಬಂದಿದೆ, ಹಾಡಿನ ಜೊತೆ ಸುದ್ದಿ, ಭಾಷಣ. ಕಾಲ ಯಾವುದು ಅಂತ ಅದರಿಂದ ಗೊತ್ತಾಗುತ್ತದೆ. ಒಳ್ಳೆಯ ಉಪಾಯ.

ಬೆಟಗೇರಿ ತಂಗಿ ಸೀರೆಯ ಮಾತು ಹೇಳಿದರು. ನಾನು ಹಾಡಿನ ಮಾತು ಹೇಳುತ್ತೇನೆ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್, ಗದಗ ಸೀಮೆಯ ಭೀಮಸೇನ ಜೋಶಿ ಇಬ್ಬರೂ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರು. ಒಂದೇ ಗುರು, ಒಂದೇ ಘರಾಣೆ. ಅದೇ ರಾಗ ಇಬ್ಬರೂ ಹಾಡಿದರೆ ಎರಡೂ ಬೇರೆ. ಗಂಗೂಬಾಯಿ ಒಂದು ಸ್ವರದ ಮೇಲೆ ಕೂತರೆ ಏಳುವ ಮನಸ್ಸೇ ಮಾಡುವುದಿಲ್ಲ. ಭೀಮಸೇನರು ತಾನ ಬಿಟ್ಟರೆ ಸಭೆಯೇ ಎದ್ದು ಕೂರುತ್ತದೆ. ಯಾರೂ ಇನ್ನೊಬ್ಬರನ್ನು ಕೆಡಿಸಿದರು ಅನ್ನುವುದಿಲ್ಲ. ಆದರೆ ರಾಗಕ್ಕೆ ಗುರುತು ಕೊಡುವ ಜೀವಸ್ವರ ಬಿಡುವ ಹಾಗಿಲ್ಲ. ಉಣಕಲ್ ಅವರ ಪ್ರಶ್ನೆ ಇಲ್ಲಿಗೇ ಬರುತ್ತದೆ. ಮಾಫಿಯಾದ ಜೀವಸ್ವರ ಆ ನಿಧಾನವೇ, ಅಥವಾ ಟಾಮಿಯ ಕಥೆಯೇ? ನನ್ನ ಮಟ್ಟಿಗೆ ನಿಧಾನ. ಕಥೆಯ ಮಟ್ಟಿಗೆ ಹೇಳುವುದಾದರೆ ಗ್ಯಾಂಗ್‌ಸ್ಟರ್ ಏಳುಬೀಳಿನ ಕಥೆಗಳು ಬೇಕಾದಷ್ಟಿವೆ.

---

ಶಿಗ್ಗಾವಿ ಹುಡುಗ

ಅಣ್ಣಾರೇ, ನಾನು ಎರಡನ್ನೂ ಆಡಿಲ್ಲ, ಆದರೂ ಎಲ್ಲ ಓದಿದೆ. ನನ್ನದು ಹಳೇ ಲ್ಯಾಪ್‌ಟಾಪ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಯಾವುದು ತಗೊಳ್ಳಲಿ?

---

ಲೈನ್ ಬಜಾರ್, ಧಾರವಾಡ

ತಮ್ಮಾ, ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ರೀಮೇಕ್ ಚೆನ್ನಾಗಿ ಓಡುವುದಿಲ್ಲ, ದುಡ್ಡು ಹಾಳು ಮಾಡಬೇಡ. ಹಳೆಯದು ಜಿಒಜಿ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ 2017ರಿಂದ ಸಿಗುತ್ತದೆ, ನಿನ್ನ ಲ್ಯಾಪ್‌ಟಾಪ್‌ಗೆ ಭಾರ ಆಗುವುದಿಲ್ಲ. ಒಂದು ಕೊರತೆ ಇದೆ. ನಾನು ಮೇಲೆ ಹೇಳಿದ ಜಾಝ್ ಹಾಡುಗಳು ಅದರಲ್ಲಿ ಇಲ್ಲ. ಹಾಡುಗಳ ಹಕ್ಕಿನ ತೊಂದರೆಯಿಂದ ತೆಗೆದಿದ್ದಾರೆ. ಶಿಮೂನೆಕ್ ಅವರ ಸಂಗೀತ ಇದೆ. ಹೆಡ್‌ಫೋನ್ ಹಾಕಿಕೊಂಡು ಶುರು ಮಾಡು. ರೇಸ್‌ನಲ್ಲಿ ಸಿಕ್ಕಿಕೊಂಡರೆ ಬ್ಯಾಡಗಿ ಅಣ್ಣನನ್ನು ಕೇಳು.

ಇದನ್ನು ಬರೆಯುವಾಗಲೇ ಹೊಳೆಯಿತು. ಮೂಲವೇ ಇವತ್ತು ಪೂರ್ತಿಯಾಗಿ ಸಿಗುವುದಿಲ್ಲ. ಹಳೆಯದು ಸರಿಯಾಗಿ ಉಳಿದಿದ್ದರೆ ಹೊಸದರ ಮೇಲೆ ನಮಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ ಅನಿಸುತ್ತದೆ. ಬೇಕಾದವರು ಹಳೆಯದು ಆಡುತ್ತಿದ್ದರು, ಬೇಡವಾದವರು ಹೊಸದು.

---

ಸಾಧನಕೇರಿ, ಧಾರವಾಡ

ನಾನು ಇಲ್ಲಿ ವಯಸ್ಸಿನಲ್ಲಿ ಹಿರಿಯವನು ಇರಬೇಕು. ಮಗನಿಗೆ ಅಂತ ತಂದ ಗೇಮ್ ನಾನೇ ಆಡಿ ಮುಗಿಸಿದವನು. ಕೊನೆಯ ದೃಶ್ಯದ ಬಗ್ಗೆ ಬರೆಯುತ್ತೇನೆ.

ಎರಡರಲ್ಲೂ ನಡೆಯುವುದು ಒಂದೇ. 1951. ಟಾಮಿಗೆ ವಯಸ್ಸಾಗಿದೆ, ಬೇರೆ ಹೆಸರಿನಲ್ಲಿ ಬೇರೆ ಊರಲ್ಲಿದ್ದಾನೆ. ಮನೆ ಮುಂದೆ ಗಿಡ ಹುಲ್ಲಿಗೆ ನೀರು ಬಿಡುತ್ತಿರುತ್ತಾನೆ. ಇಬ್ಬರು ಬರುತ್ತಾರೆ. ಸಾಲಿಯೆರಿ ಕಳಿಸಿದ ನಮಸ್ಕಾರ ಹೇಳಿ ಗುಂಡು ಹೊಡೆಯುತ್ತಾರೆ. ಆ ಇಬ್ಬರು ಮುಂದಿನ ಗೇಮ್‌ನ ನಾಯಕ ವಿಟೊ ಮತ್ತು ಅವನ ಗೆಳೆಯ ಜೋ ಅನ್ನುವುದು 2010ರ ಮಾಫಿಯಾ 2 ಆಡಿದವರಿಗೆ ಗೊತ್ತು.

ಬದಲಾದದ್ದು ಅದರ ಮೇಲೆ ಬರುವ ಟಾಮಿಯ ಮಾತು. ಹಳೆಯದರಲ್ಲಿ ಅವನು ಲೋಕದ ಬಗ್ಗೆ ಮಾತಾಡುತ್ತಾನೆ. ಲೋಕ ನಡೆಯುವುದು ಕಾಗದದ ಮೇಲಿನ ಕಾನೂನಿನಿಂದ ಅಲ್ಲ, ಮನುಷ್ಯರಿಂದ ಅನ್ನುತ್ತಾನೆ. ತುಂಬಾ ಬೇಕು ಅಂದವನು ಇದ್ದದ್ದನ್ನೂ ಕಳೆದುಕೊಳ್ಳುತ್ತಾನೆ, ತೀರಾ ಕಡಿಮೆ ಬೇಕು ಅಂದವನಿಗೆ ಏನೂ ಸಿಗದೇ ಹೋಗಬಹುದು ಅನ್ನುತ್ತಾನೆ. ಧ್ವನಿಯಲ್ಲಿ ಅಳು ಇಲ್ಲ, ಪಶ್ಚಾತ್ತಾಪದ ಪ್ರದರ್ಶನ ಇಲ್ಲ. ಕಟ್ಟೆ ಮೇಲೆ ಕೂತ ಅಜ್ಜ ತನ್ನ ಲೆಕ್ಕ ತಾನೇ ಒಪ್ಪಿಸಿದ ಹಾಗೆ. ರೀಮೇಕ್‌ನಲ್ಲಿ ಮಾತು ಮನೆತನದ ಕಡೆ ತಿರುಗುತ್ತದೆ. ಕುಟುಂಬವೇ ಶಾಶ್ವತ ಅನ್ನುತ್ತದೆ.

ನನಗೆ ಇದು ದೊಡ್ಡ ನಷ್ಟ. ಟಾಮಿ ಗ್ಯಾಂಗಿಗೆ ಸೇರುವುದು ಹಸಿವಿನಿಂದ ಅಲ್ಲ. ಮೊದಲು ಹೆದರಿಕೆ, ಆಮೇಲೆ ಒಳ್ಳೆಯ ಕೋಟು, ಕೈತುಂಬ ದುಡ್ಡು, ಜನ ಎದ್ದು ನಿಲ್ಲುವುದು. ಪಾಲಿ ಬ್ಯಾಂಕ್ ದೋಚುವ ಮಾತು ಎತ್ತಿದಾಗ ಅವನೂ ಹೂಂ ಅನ್ನುತ್ತಾನೆ. ಎಷ್ಟಕ್ಕೆ ಸಾಕು ಅನ್ನಬೇಕು ಅನ್ನುವುದೇ ಇಡೀ ಗೇಮ್‌ನ ಪ್ರಶ್ನೆ. ಹಳೇ ಕೊನೆಯ ಮಾತು ಆ ಪ್ರಶ್ನೆಗೆ ಎದುರಾಗಿ ನಿಂತಿತ್ತು. ಕುಟುಂಬದ ಮಾತು ಸುಳ್ಳಲ್ಲ, ಆದರೆ ಅದು ಬೇರೆ ಪ್ರಶ್ನೆಗೆ ಉತ್ತರ.

ಬೆಟಗೇರಿಯ ತಾಯಿ ಸಾರಾ ಬಗ್ಗೆ ಬರೆದದ್ದು ಓದಿದ ಮೇಲೆ ಒಂದು ಅರ್ಥವಾಯಿತು. ಸಾರಾಗೆ ಜಾಗ ಕೊಟ್ಟ ಮೇಲೆ ಕೊನೆಯೂ ಆ ಕಡೆ ವಾಲುವುದು ಸಹಜ. ನೇಯ್ಗೆ ಬದಲಾದರೆ ಸೆರಗೂ ಬದಲಾಗಲೇಬೇಕು. ಅದು ಅರ್ಥವಾದರೂ ನನಗೆ ಹಳೆಯದೇ ಬೇಕು.

---

ಬೆಟಗೇರಿ ಮಗ್ಗ, ಗದಗ

ಸರ್, ನೀವು ಹೇಳಿದ ಮೇಲೆ ಹಳೆಯ ಕೊನೆಯನ್ನು ಮತ್ತೆ ಹಾಕಿ ಕೇಳಿದೆ. ಆ ಮಾತು ನಿಜಕ್ಕೂ ದೊಡ್ಡದು. ಅದನ್ನು ತೆಗೆಯಬಾರದಿತ್ತು ಅಂತ ಒಪ್ಪುತ್ತೇನೆ.

ಆದರೆ ಕಾರು ಓಡಿಸುವುದರಲ್ಲಿ ನನ್ನ ಮಾತು ಅದೇ. ದಾಟಿಸುವ ಬಟನ್ ಇರಲಿ. ಬೇಡವಾದವರು ಒತ್ತುವುದು ಬೇಡ. ನನ್ನಂಥವಳು ಕಥೆ ಮುಗಿಸುವ ಹಾಗೆ ಆದದ್ದು ಅದರಿಂದಲೇ.

---

ಉಣಕಲ್ ಕೆರೆ, ಹುಬ್ಬಳ್ಳಿ

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ಬೆಟಗೇರಿ ತಂಗಿ, ಬಟನ್ ಬಗ್ಗೆ ನಿಮ್ಮ ಮಾತು ಸರಿ. ಅದು ಇದ್ದರೆ ನನಗೆ ನಷ್ಟ ಇಲ್ಲ. ನನ್ನ ದುಃಖ ಇರುವುದು ವಾಪಸ್ ದಾರಿಯನ್ನೇ ತೆಗೆದ ಕಡೆ. ಅಲ್ಲಿ ಒತ್ತದೇ ಇರುವ ಅವಕಾಶವೂ ಇಲ್ಲವಲ್ಲ.

ಮುಖಗಳ ಬಗ್ಗೆ ನೀವು ಹೇಳಿದ್ದಕ್ಕೆ ಒಂದು ಸಂಗತಿ ಸೇರಿಸಬೇಕು. ಮೊದಲೇ ಹೇಳಬೇಕಿತ್ತು. ಅಪ್ಪ ಈಗ ಕಾರು ಓಡಿಸುವುದಿಲ್ಲ, ಅಂಬಾಸಿಡರ್ ಮಾರಿ ವರ್ಷಗಳಾದವು. ಈ ಸಲ ನಾನು ರೀಮೇಕ್ ಶುರು ಮಾಡಿದಾಗ ಅವರು ಪಕ್ಕದಲ್ಲೇ ಇದ್ದರು. ಮೊರೆಲ್ಲೊ ಕಡೆಯವರು ಬಂದು ಟಾಮಿಯ ಟ್ಯಾಕ್ಸಿ ಒಡೆಯುವ ದೃಶ್ಯ ಬಂತು. ಹಳೆಯದರಲ್ಲೂ ಅದೇ ದೃಶ್ಯ ಅಪ್ಪ ನೋಡಿದ್ದರು, ಆಗ ಏನೂ ಅಂದಿರಲಿಲ್ಲ. ಈ ಸಲ ಗಾಜು ಒಡೆದು ಸೀಟಿನ ಮೇಲೆ ಬಿದ್ದದ್ದು, ಟಾಮಿಯ ಮುಖ, ಎರಡನ್ನೂ ನೋಡಿ ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ, “ಗ್ಲಾಸ್ ಹ್ವಾದ್ರ ಒಂದ್ ತಿಂಗಳ ದುಡಿಮಿ ಹ್ವಾದಂಗ” ಅಂದರು. ಒಂದು ಬಂದ್ ದಿನ ಅವರ ಕಾರಿನ ಮುಂದಿನ ಗಾಜು ಕಲ್ಲು ಬಿದ್ದು ಒಡೆದಿತ್ತು. ನಾನು ಆಗ ಚಿಕ್ಕವನು. ಅವರು ಬಾಗಿಲ ಹತ್ತಿರ ಮಂಡಿಯೂರಿ ಕೂತು ಸೀಟಿನ ಸಂದಿಯಿಂದ ಚೂರುಗಳನ್ನು ಒಂದೊಂದೇ ಆರಿಸಿ ಪೇಪರ್ ಮೇಲೆ ಹಾಕುತ್ತಿದ್ದದ್ದು ನೆನಪಿದೆ. ಹೊಸ ಗೇಮ್ ಅದನ್ನು ಅವರಿಗೆ ಮುಟ್ಟಿಸಿತು. ಹಳೆಯದಕ್ಕೆ ಅದು ಆಗಿರಲಿಲ್ಲ. ಈ ಒಂದು ವಿಷಯದಲ್ಲಿ ನಾನು ಸೋತೆ, ಖುಷಿಯಿಂದಲೇ.

ಬ್ಯಾಡಗಿ ಅಣ್ಣಾ, ನಾನು ಆಡಿದ್ದು ಸಾಮಾನ್ಯ ಮಟ್ಟದಲ್ಲಿ. ನೀವು ಹೇಳಿದ ಸೆಟ್ಟಿಂಗ್ಸ್ ಇವತ್ತೇ ಹಾಕುತ್ತೇನೆ. ಆಮೇಲೆ ಬಂದ ಅಪ್‌ಡೇಟ್‌ನಲ್ಲಿ ಫ್ರೀ ರೈಡ್‌ಗೆ (ಕಥೆ ಇಲ್ಲದೆ ಸುಮ್ನೆ ಊರು ಸುತ್ತುವ ಭಾಗಕ್ಕೆ) ಟ್ಯಾಕ್ಸಿ ಬಾಡಿಗೆ ಹೊಡೆಯುವ ಮಿಷನ್‌ಗಳನ್ನು ಸೇರಿಸಿದ್ದಾರೆ, ಕಪ್ಪು ಬಿಳುಪಿನಲ್ಲಿ ಆಡುವ ಅವಕಾಶವೂ ಇದೆ. ನಾನು ಎರಡನ್ನೂ ಮುಟ್ಟಿರಲಿಲ್ಲ.

---

ಉಣಕಲ್ ಕೆರೆ, ಹುಬ್ಬಳ್ಳಿ (ಭಾನುವಾರ ರಾತ್ರಿ)

ಹಾಕಿದೆ. ಸಿಮ್ಯುಲೇಷನ್ ಡ್ರೈವಿಂಗ್, ಮ್ಯಾನುಯಲ್ ಗೇರ್, ಮಿನಿ ಮ್ಯಾಪ್ ಇಲ್ಲ. ಕಪ್ಪು ಬಿಳುಪು ಮಾಡಿ ನೋಡಿದೆ, ಅಪ್ಪ ಬಣ್ಣ ಇರಲಿ ಅಂದರು. ಫ್ರೀ ರೈಡ್‌ನಲ್ಲಿ ಟ್ಯಾಕ್ಸಿ ತೆಗೆದೆವು.

ಗೇರ್ ನನ್ನ ಕೈಗೆ ಬರಲಿಲ್ಲ. ಏರಿನಲ್ಲಿ ಎಂಜಿನ್ ಒದ್ದಾಡತೊಡಗಿತು. ಅಪ್ಪ ಸೌಂಡ್ ಕೇಳಿಯೇ, “ಸೆಕೆಂಡಿಗೆ ಇಳಸು” ಅಂದರು. ಇಳಿಸಿದೆ, ಹತ್ತಿತು. ಹಾಗೇ ನಾಲ್ಕೈದು ಸಲ ಆದ ಮೇಲೆ ಕಂಟ್ರೋಲರ್ ಅವರ ಕೈಗೇ ಕೊಟ್ಟೆ. ಯಾವ ಬಟನ್ ಯಾವುದಕ್ಕೆ ಅಂತ ಹೇಳಲು ಹತ್ತು ನಿಮಿಷ ಹಿಡಿಯಿತು. ಹೆಬ್ಬೆರಳಿನಿಂದ ತಿರುಗಿಸುವುದು ಅವರಿಗೆ ಕಷ್ಟ, ಅದಕ್ಕೇ ತುಂಬಾ ನಿಧಾನ ಹೋದರು. ಸ್ಪೀಡ್ ಮಿತಿ ಹಾಕುವ ಬಟನ್ ತೋರಿಸಿದೆ, ಅದನ್ನು ಕೊನೆಯ ತನಕ ತೆಗೆಯಲೇ ಇಲ್ಲ. ಪ್ರತಿ ಕೆಂಪು ಸಿಗ್ನಲ್‌ಗೂ ನಿಲ್ಲಿಸಿದರು.

ಎರಡು ಬಾಡಿಗೆ ಮುಗಿಸಿದರು. ಮೂರನೆಯದಕ್ಕೆ ದಾರಿ ತಪ್ಪಿತು. ಮ್ಯಾಪ್ ತೆಗೆಯಲೇ ಅಂತ ಕೇಳಿದೆ. “ಬ್ಯಾಡ, ಯಾರನ್ನರ ಕೇಳೂಣು” ಅಂದು ಫುಟ್‌ಪಾತ್ ಪಕ್ಕ ಕಾರು ನಿಲ್ಲಿಸಿದರು. ಈ ಗೇಮ್‌ನಲ್ಲಿ ಜನರನ್ನು ದಾರಿ ಕೇಳಲು ಬರುವುದಿಲ್ಲ ಅಂತ ಹೇಳಿದೆ. ಹೌದಾ ಅಂದರು. ಸೇತುವೆ ತನಕ ಹೋಗಿ, ತಿರುಗಿಸಿಕೊಂಡು ಬಂದು, ಬೇರೆ ರಸ್ತೆ ಹಿಡಿದೆವು.

ಬ್ಯಾಡಗಿ ಅಣ್ಣಾ, ಮುಂದಿನ ವಾರ ಕ್ಲಾಸಿಕ್‌ನಲ್ಲಿ ರೇಸ್. ಆ ಬ್ರೇಕ್ ತಡವಾಗುವ ತಿರುವು ಎಲ್ಲಿ ಬರುತ್ತದೆ, ಮೊದಲೇ ಹೇಳಿಬಿಡಿ.